ಹೊತ್ತೊಯ್ದು ಮಿಕ್ಕ ಅರಮನೆ

ರೋಮ್‌ನಿಂದ ಪೂರ್ವಕ್ಕೆ ಸುಮಾರು 30 ಕಿ.ಮೀ. ದೂರದಲ್ಲಿ, ತಿವೊಲಿ ಬೆಟ್ಟದ ಬುಡದಲ್ಲಿ ಚಕ್ರವರ್ತಿ ಹೇಡ್ರಿಯನ್‌ನ ವಿಲ್ಲಾ ಇದೆ. ವಿಲ್ಲಾ ಅಂದರೆ ತೋಟದ ಮನೆ ಎಂದುಕೊಂಡು ಹೋದವರ ಕಾಲು ಸೋಲುತ್ತದೆ. ಅದರ ವಿಸ್ತಾರ ಸುಮಾರು 120 ಹೆಕ್ಟೇರ್, ಹತ್ತಿರ ಹತ್ತಿರ 300 ಎಕರೆ. ಕ್ರಿ.ಶ. 117ರಲ್ಲಿ ಪಟ್ಟಕ್ಕೆ ಬಂದ ಹೇಡ್ರಿಯನ್ ಸ್ನಾನಗೃಹಗಳು, ಗ್ರಂಥಾಲಯಗಳು, ಕೊಳಗಳನ್ನೆಲ್ಲ ಇಲ್ಲಿ ಕಟ್ಟಿಸಿದ. ಒಂಟಿಯಾಗಿರಬೇಕೆನಿಸಿದಾಗ ಇರಲೆಂದೋ ಏನೋ, ವೃತ್ತಾಕಾರದ ನೀರಿನ ನಡುವೆ ದ್ವೀಪದಂಥ ಒಂದು ಪುಟ್ಟ ಮನೆಯೂ ಇತ್ತು. ಆಳ್ವಿಕೆಯ ಅರ್ಧಕ್ಕಿಂತ ಹೆಚ್ಚು ಕಾಲವನ್ನು ಸಂಚಾರದಲ್ಲೇ ಕಳೆದ ಆತ 138ರಲ್ಲಿ ತೀರಿಕೊಂಡ.

ಅರಸ ಅನುಭವಿಸಿದ್ದಕ್ಕಿಂತ ಹೊತ್ತೊಯ್ದವರು ಅನುಭವಿಸಿದ್ದೇ ಹೆಚ್ಚು. ಸಾಮ್ರಾಜ್ಯ ಕುಸಿದ ಮೇಲೆ ಇಲ್ಲಿನ ಅಮೃತಶಿಲೆ ಸುಣ್ಣದ ಗೂಡು ಸೇರಿ ಯಾರ್ಯಾರದೋ ಗೋಡೆಯ ಗಾರೆಯಾಯಿತು. 16ನೇ ಶತಮಾನದಲ್ಲಿ ಕಾರ್ಡಿನಲ್ ಇಪ್ಪೊಲಿತೊ ದೆಸ್ತೆಗೆ ತಿವೊಲಿಯಲ್ಲಿ ತನ್ನದೇ ಅರಮನೆ, ಕಾರಂಜಿ ತೋಟ ಬೇಕಾಯಿತು. ಆತನ ವಾಸ್ತುಶಿಲ್ಪಿ ಪಿರ್ರೊ ಲಿಗೋರಿಯೊ ಹಳೆಯ ವಿಲ್ಲಾವನ್ನು ಅಗೆಸಿ ಕಲ್ಲು, ಶಿಲ್ಪ ಸಾಗಿಸಿದ. ಆದರೆ ಈ ಅವಶೇಷಗಳನ್ನು ಮೊದಲಿಗೆ ವಿವರವಾಗಿ ಬರೆದಿಟ್ಟವನೂ ಅವನೇ. ಕಳ್ಳನೆನ್ನಬೇಕೋ ವಿದ್ವಾಂಸನೆನ್ನಬೇಕೋ?

18ನೇ ಶತಮಾನದಲ್ಲಿ ಪೈಪೋಟಿ ಇನ್ನೂ ಜೋರಾಯಿತು. ಬಟ್ಟಲಿನ ಅಂಚಿನಲ್ಲಿ ಕುಳಿತ ಪಾರಿವಾಳಗಳನ್ನು ನುಣ್ಣನೆಯ ಕಲ್ಲಿನ ಹರಳುಗಳಲ್ಲೇ ಬಿಡಿಸಿದ ಮೊಸಾಯಿಕ್ 1737ರಲ್ಲಿ ಸಿಕ್ಕಿತು. ಈಗ ಅದು ರೋಮ್‌ನ ಕ್ಯಾಪಿಟೊಲೈನ್ ಮ್ಯೂಸಿಯಂನಲ್ಲಿದೆ. 1791ರಲ್ಲಿ ಸಿಕ್ಕ ಚಕ್ರ ಎಸೆಯುವವನ ಶಿಲ್ಪ ಇಂಗ್ಲೆಂಡಿನ ಚಾರ್ಲ್ಸ್ ಟೌನ್ಲಿಯ ಪಾಲಾಗಿ ಬ್ರಿಟಿಷ್ ಮ್ಯೂಸಿಯಂ ಸೇರಿತು. ಮುಂಡಕ್ಕೆ ಬೇರೊಂದು ತಲೆ ಜೋಡಿಸಿದವರು ಅದನ್ನು ತಪ್ಪು ದಿಕ್ಕಿಗೆ ತಿರುಗಿಸಿಬಿಟ್ಟರು. ಚಕ್ರದತ್ತ ಹಿಂತಿರುಗಿ ನೋಡಬೇಕಾದವನು ಇಂದಿಗೂ ನೆಲ ನೋಡುತ್ತ ನಿಂತಿದ್ದಾನೆ!

1870ರಲ್ಲಿ ಇಟಲಿ ಸರ್ಕಾರ ಜಾಗವನ್ನು ವಶಕ್ಕೆ ಪಡೆಯಿತು. 1950ರ ದಶಕದಲ್ಲಿ 'ಕನೋಪಸ್' ಎಂಬ ಉದ್ದನೆಯ ಕೊಳವನ್ನು ಅಗೆದಾಗ, ಅಥೆನ್ಸ್‌ನ ಎರೆಕ್ಥಿಯಮ್ ಗುಡಿಯಲ್ಲಿ ಕಂಬಗಳಾಗಿ ನಿಂತ ಸ್ತ್ರೀಯರ ನಾಲ್ಕು ಪ್ರತಿಕೃತಿಗಳು ಸಿಕ್ಕವು. ದಂಡೆಯ ಮೇಲೆ ಈಗ ಕಾಣುವುದು ಆ ಪ್ರತಿಕೃತಿಗಳ ಎರಕದ ಪ್ರತಿಗಳು. 1999ರಲ್ಲಿ ಯುನೆಸ್ಕೊ ಪಟ್ಟಿಗೂ ವಿಲ್ಲಾ ಸೇರಿತು.

ನನ್ನ ಮಟ್ಟಿಗೆ ಇಲ್ಲಿನ ಅಚ್ಚರಿ ನೆಲದಡಿಯದು. ಅರಸನ ಅತಿಥಿಗಳ ಕಣ್ಣಿಗೆ ಬೀಳದಂತೆ ಗುಲಾಮರೂ ಸಾಮಾನಿನ ಗಾಡಿಗಳೂ ಓಡಾಡಲು ಕಲ್ಲು ಕೊರೆದು ಮಾಡಿದ ಸುರಂಗದಾರಿಗಳ ಜಾಲವೇ ಅಲ್ಲಿದೆ. ಕಿತ್ತೊಯ್ಯಲು ಅಲ್ಲಿ ಅಮೃತಶಿಲೆ ಇರಲಿಲ್ಲ.

ತಿವೊಲಿಗೆ ಹೋದವರು ಸಾಮಾನ್ಯವಾಗಿ ಎರಡೂ ವಿಲ್ಲಾಗಳನ್ನು ಒಂದೇ ದಿನ ನೋಡುತ್ತಾರೆ. ಹೇಡ್ರಿಯನ್‌ನದನ್ನು ಮೊದಲು ನೋಡಿ. ಆಮೇಲೆ ಬೆಟ್ಟ ಹತ್ತಿದರೆ, ಕಾರ್ಡಿನಲ್‌ನ ಕಾರಂಜಿಗಳ ವೈಭವಕ್ಕೆ ಬಂಡವಾಳ ಎಲ್ಲಿಂದ ಬಂತೆಂದು ಗೊತ್ತಾಗುತ್ತದೆ.