ನೋವು ಹೇಳಿಕೊಳ್ಳದ ಶ್ವಾಸಕೋಶ

ನಿಮ್ಮ ಎರಡೂ ಅಂಗೈಗಳನ್ನು ಪಕ್ಕೆಲುಬುಗಳ ಮೇಲಿಟ್ಟು ನಿಧಾನವಾಗಿ ಉಸಿರೆಳೆದುಕೊಳ್ಳಿ. ಎದೆಗೂಡು ಹಿಗ್ಗುವುದು ಕೈಗೆ ತಿಳಿಯುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕರು ನಿಮಿಷಕ್ಕೆ 12ರಿಂದ 20 ಬಾರಿ ಹೀಗೆ ಉಸಿರಾಡುತ್ತಾರೆ. ಪ್ರತಿ ಸಲವೂ ಸುಮಾರು ಅರ್ಧ ಲೀಟರ್ ಗಾಳಿ ಒಳಹೋಗುತ್ತದೆ. ಆದರೆ ತನ್ನನ್ನು ತಾನೇ ಹಿಗ್ಗಿಸಿಕೊಳ್ಳುವ ಸ್ನಾಯು ಶ್ವಾಸಕೋಶದಲ್ಲಿಲ್ಲ. ಎದೆ ಮತ್ತು ಹೊಟ್ಟೆಯ ನಡುವಿನ ವಪೆ ಎಂಬ ಸ್ನಾಯು ಕೆಳಗಿಳಿದು, ಪಕ್ಕೆಲುಬುಗಳು ಮೇಲೆದ್ದಾಗ ಶ್ವಾಸಕೋಶವೂ ಅವುಗಳೊಂದಿಗೆ ಹಿಗ್ಗುತ್ತದೆ.

ಬಲ ಶ್ವಾಸಕೋಶಕ್ಕೆ ಮೂರು ಹಾಲೆಗಳು, ಎಡದ್ದಕ್ಕೆ ಎರಡೇ. ಹೃದಯ ಎಡಕ್ಕೆ ವಾಲಿಕೊಂಡಿರುವುದರಿಂದ ಎಡ ಶ್ವಾಸಕೋಶ ಅದಕ್ಕೆ ಜಾಗ ಬಿಟ್ಟುಕೊಟ್ಟು ತುಸು ಚಿಕ್ಕದಾಗಿದೆ. ಗಂಟಲಿನಿಂದ ಇಳಿಯುವ ಶ್ವಾಸನಾಳ ಎದೆಯೊಳಗೆ ಎರಡಾಗಿ ಕವಲೊಡೆಯುತ್ತದೆ. ಬಲಗವಲು ಎಡದ್ದಕ್ಕಿಂತ ಅಗಲ, ಗಿಡ್ಡ ಮತ್ತು ಹೆಚ್ಚು ನೇರ.

ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಈ ಮಾತನ್ನು ನೆನಪಿಡಿ. ಓಡುತ್ತಾ, ನಗುತ್ತಾ ತಿನ್ನುವ ಮಗುವಿನ ಶೇಂಗಾ ಬೀಜ, ಹುಣಸೆ ಬೀಜ ಅಥವಾ ಅಡಿಕೆ ಚೂರು ಶ್ವಾಸನಾಳಕ್ಕೆ ಜಾರಿದರೆ ಅದು ಹೆಚ್ಚಾಗಿ ಈ ಬಲಗವಲಿಗೇ ಇಳಿಯುತ್ತದೆ. ಮೊದಲು ಜೋರಾಗಿ ಕೆಮ್ಮಿದ ಮಗು ಆಮೇಲೆ ಸುಮ್ಮನಾಗಬಹುದು. 'ನುಂಗಿರಬೇಕು' ಎಂದು ನೀವು ನಿಶ್ಚಿಂತರಾಗಬೇಡಿ. ಶೇಂಗಾ ಬೀಜ ಎಕ್ಸ್‌ರೇಯಲ್ಲಿ ನೇರವಾಗಿ ಕಾಣಿಸುವುದಿಲ್ಲ. ಕೆಮ್ಮು, ಸುಂಯ್‌ಗುಡುವ ಉಸಿರು, ಮರುಕಳಿಸುವ ಜ್ವರ ಕಂಡರೆ ವೈದ್ಯರಿಗೆ ಆ ಘಟನೆಯನ್ನು ಮರೆಯದೆ ತಿಳಿಸಿ. ಬಾಯೊಳಗೆ ಏನೂ ಕಾಣದಿರುವಾಗ ಬೆರಳು ಹಾಕಿ ತಡಕಬೇಡಿ, ವಸ್ತು ಇನ್ನೂ ಒಳಕ್ಕೆ ಜಾರೀತು.

ಕವಲುಗಳು ಮರದ ಕೊಂಬೆಗಳಂತೆ ಸುಮಾರು 23 ಹಂತಗಳಲ್ಲಿ ಒಡೆಯುತ್ತಾ ಹೋಗಿ ವಾಯುಕೋಶಗಳಲ್ಲಿ ಕೊನೆಗೊಳ್ಳುತ್ತವೆ. ಇವು 30ರಿಂದ 50 ಕೋಟಿಯಷ್ಟಿವೆ. ಎಲ್ಲವನ್ನೂ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್, ಅಂದರೆ ಹತ್ತಿರ ಹತ್ತಿರ ಒಂದು ಬ್ಯಾಡ್ಮಿಂಟನ್ ಅಂಗಳದಷ್ಟು! ಇವುಗಳ ತೆಳು ಗೋಡೆಯ ಮೂಲಕವೇ ಆಮ್ಲಜನಕ ರಕ್ತ ಸೇರುತ್ತದೆ, ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ.

ಇಷ್ಟು ನಾಜೂಕಾದ ಅಂಗಕ್ಕೆ ಕಾವಲೂ ಇದೆ. ಶ್ವಾಸನಾಳದ ಒಳಗೋಡೆಯ ಲೋಳೆ ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಸೂಕ್ಷ್ಮ ರೋಮಗಳು ಅದನ್ನು ಹಗಲಿರುಳು ಗಂಟಲಿನತ್ತ ಗುಡಿಸುತ್ತವೆ. ತಂಬಾಕಿನ ಹೊಗೆ ಈ ರೋಮಗಳನ್ನು ನಿಷ್ಕ್ರಿಯಗೊಳಿಸುತ್ತದೆ. ಬೀಡಿ, ಸಿಗರೇಟು ಸೇದುವವರ ಮುಂಜಾವಿನ ಕೆಮ್ಮು, ಕೆಲಸ ನಿಲ್ಲಿಸಿದ ಈ ಪೊರಕೆಯ ಬದಲು ದೇಹ ಹೂಡುವ ಹೋರಾಟ. ಸೇದುವುದನ್ನು ಬಿಟ್ಟರೆ ಕೆಲವು ತಿಂಗಳಲ್ಲಿ ರೋಮಗಳು ಚೇತರಿಸಿಕೊಳ್ಳುತ್ತವೆ. ಆದರೆ ಹರಿದುಹೋದ ವಾಯುಕೋಶಗಳು ಮತ್ತೆ ಕೂಡಿಕೊಳ್ಳುವುದಿಲ್ಲ. ಆದ್ದರಿಂದ ನಾಳೆಗಿಂತ ಇಂದು ಬಿಡುವುದೇ ಲಾಭ.

ಸೇದದವರೂ ಸುರಕ್ಷಿತರೆಂದಲ್ಲ. ಕರಾವಳಿಯ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಬೀಡಿ ಕಟ್ಟಿಯೇ ಸಂಸಾರ ತೂಗಿಸಿದ್ದಾರೆ. ನೀವು ಅವರಲ್ಲೊಬ್ಬರಾದರೆ ಮಲಗುವ ಕೋಣೆಯಲ್ಲಿ ತಂಬಾಕು ಇಡಬೇಡಿ. ಗಾಳಿಯಾಡುವಲ್ಲಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡಿ. ತಂಬಾಕಿನ ಮೊರದ ಪಕ್ಕ ಮಗುವನ್ನು ಮಲಗಿಸಬೇಡಿ. ಸೌದೆ ಒಲೆಯಿದ್ದರೆ ಹೊಗೆ ಹೊರಹೋಗಲು ದಾರಿ ಮಾಡಿ.

ಇನ್ನೊಂದು ಮುಖ್ಯ ಸಂಗತಿ: ಶ್ವಾಸಕೋಶದ ಒಳಭಾಗಕ್ಕೆ ಹಲ್ಲು, ಚರ್ಮಗಳಿಗಿರುವಂತಹ ನೋವಿನ ಅರಿವಿಲ್ಲ. ಉಸಿರೆಳೆದಾಗ ಚುಚ್ಚುವ ನೋವು ಎದೆಗೂಡಿಗೆ ಒತ್ತಿಕೊಂಡಿರುವ ಹೊರಪೊರೆಯದು. ರೋಗ ಆ ಪೊರೆಯನ್ನು ಮುಟ್ಟುವವರೆಗೆ ಒಳಗೆ ಎಷ್ಟು ಹಬ್ಬಿದರೂ ನೋವಾಗದಿರಬಹುದು. 'ನೋವಿಲ್ಲವಲ್ಲ, ಬರೀ ಕೆಮ್ಮು ತಾನೇ' ಎಂಬ ಮಾತಿನಲ್ಲಿರುವ ಮೋಸ ಇದೇ. ಶ್ವಾಸಕೋಶಕ್ಕೆ ತಿಳಿದಿರುವ ಭಾಷೆ ಕೆಮ್ಮು, ಏದುಸಿರು, ಕಫ ಇಷ್ಟೇ.

ಕೆಮ್ಮು ಎರಡು ವಾರ ದಾಟಿದರೆ, ಸಂಜೆ ಜ್ವರ, ತೂಕ ಇಳಿತ, ಕಫದಲ್ಲಿ ರಕ್ತ ಕಂಡರೆ ಕಫ ಪರೀಕ್ಷೆ ಮಾಡಿಸಿ. ಕ್ಷಯದ ಪರೀಕ್ಷೆ ಮತ್ತು ಔಷಧಿ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ. ಮಗಳ ಮದುವೆಗೆ ತೊಡಕಾದೀತೆಂದು ಕೆಮ್ಮನ್ನು ಬಚ್ಚಿಡುವ ಮನೆಗಳು ಇಂದಿಗೂ ಇವೆ. ಬಚ್ಚಿಟ್ಟ ಕ್ಷಯ ಮನೆಮಂದಿಗೆಲ್ಲ ಹರಡಬಹುದು. ಸಾಮಾನ್ಯವಾಗಿ ಆರು ತಿಂಗಳು ತಪ್ಪದೆ ಔಷಧಿ ಸೇವಿಸಿದರೆ ಅದು ಗುಣವಾಗುತ್ತದೆ. ಇಂದು ರಾತ್ರಿ ಮನೆಯಲ್ಲಿ ಯಾರ ಕೆಮ್ಮು ಕೇಳಿಸುತ್ತದೆ ಎಂದು ಗಮನಿಸಿ. ಅದು ಶುರುವಾಗಿ ಎಷ್ಟು ದಿನವಾಯಿತೆಂದು ಒಮ್ಮೆ ಕೇಳಿ.