ಅಪ್ಪನೆಂದು ನಂಬಿ ಹೋದ ಹುಡುಗ

2002ರ ಅಕ್ಟೋಬರ್ 3, ಗುರುವಾರ ಬೆಳಿಗ್ಗೆ. ವಾಷಿಂಗ್ಟನ್ ನಗರದ ಪಕ್ಕದ ಆಸ್ಪೆನ್ ಹಿಲ್‌ನಲ್ಲಿ, ಪುಣೆಯಿಂದ ಹೋಗಿ ನೆಲೆಸಿದ್ದ ಟ್ಯಾಕ್ಸಿ ಚಾಲಕರೊಬ್ಬರು ಬಂಕಿನಲ್ಲಿ ಗಾಡಿಗೆ ಪೆಟ್ರೋಲ್ ತುಂಬಿಸುತ್ತಿದ್ದರು. ಎಲ್ಲಿಂದಲೋ ಬಂದ ಒಂದೇ ಗುಂಡಿಗೆ ಅಲ್ಲೇ ಕುಸಿದರು. ಹುಲ್ಲು ಕತ್ತರಿಸುತ್ತಿದ್ದವರೊಬ್ಬರು, ಬೆಂಚಿನ ಮೇಲೆ ಕೂತಿದ್ದ ಹೆಂಗಸು, ಕಾರು ಸ್ವಚ್ಛ ಮಾಡುತ್ತಿದ್ದ ತಾಯಿ ಹೀಗೆ ಎರಡೂವರೆ ಗಂಟೆಯೊಳಗೆ ಅದೇ ಕೌಂಟಿಯಲ್ಲಿ ನಾಲ್ವರ ಜೀವ ಹೋಯಿತು. ಮೂರು ವಾರಗಳಲ್ಲಿ ಸತ್ತವರು 10 ಮಂದಿ, ಗಾಯಗೊಂಡವರು ಮೂವರು. ಗಾಯಗೊಂಡವರಲ್ಲಿ ಶಾಲೆಯ ಬಾಗಿಲಲ್ಲಿ ಗುಂಡು ತಗುಲಿದ 13 ವರ್ಷದ ಹುಡುಗನೂ ಇದ್ದ. ಈ ಲೇಖನ ಕೊಂದವನ ಬಾಲ್ಯದ ಬಗ್ಗೆ. ಆದರೆ ಸತ್ತವರನ್ನು ಮೊದಲು ನೆನೆಯದೆ ಅದನ್ನು ಬರೆಯಲು ನನಗೆ ಮನಸ್ಸಿಲ್ಲ.

ಅಕ್ಟೋಬರ್ 24ರ ನಸುಕಿನಲ್ಲಿ ಮೇರಿಲ್ಯಾಂಡ್‌ನ ಹೆದ್ದಾರಿ ಬದಿಯ ತಂಗುದಾಣದಲ್ಲಿ, ಹಳೆಯ ನೀಲಿ ಷೆವರ್ಲೆ ಕಾರಿನೊಳಗೆ ಮಲಗಿದ್ದ ಇಬ್ಬರು ಸಿಕ್ಕಿಬಿದ್ದರು. ಕೊಲ್ಲಿ ಯುದ್ಧದಲ್ಲಿ ಸೈನಿಕನಾಗಿದ್ದ 41 ವರ್ಷದ ಜಾನ್ ಅಲೆನ್ ಮುಹಮ್ಮದ್ ಒಬ್ಬ, 17ರ ಲೀ ಬಾಯ್ಡ್ ಮಾಲ್ವೊ ಇನ್ನೊಬ್ಬ. ಸುಳಿವು ಸಿಕ್ಕಿದ್ದು ದಕ್ಷಿಣದಿಂದ. ಸೆಪ್ಟೆಂಬರ್ 21ರಂದು ಅಟ್ಲಾಂಟಾದ ಮದ್ಯದಂಗಡಿಯೊಂದರ ಬಳಿ ಒಬ್ಬರ ಕೊಲೆಯಾಗಿತ್ತು. ಅದೇ ದಿನ ಅಲಬಾಮಾದ ಮಾಂಟ್ಗೊಮರಿಯಲ್ಲಿ ಇನ್ನೊಂದು. ಮಾಂಟ್ಗೊಮರಿಯಲ್ಲಿ ಬಿದ್ದುಹೋಗಿದ್ದ ಬಂದೂಕು ಕಂಪನಿಯ ಪುಸ್ತಿಕೆಯ ಮೇಲೆ ಮಾಲ್ವೊನ ಬೆರಳಚ್ಚು ಇತ್ತು. ಆ ಬೆರಳಚ್ಚು ಸರ್ಕಾರದ ಕಡತಕ್ಕೆ ಸೇರಿದ್ದಾದರೂ ಹೇಗೆ? 2001ರ ಡಿಸೆಂಬರ್‌ನಲ್ಲಿ, ಮಗನನ್ನು ಮುಹಮ್ಮದನ ಕೈಯಿಂದ ಬಿಡಿಸಿಕೊಳ್ಳಲು ಬಂದ ತಾಯಿಯ ಜತೆಗೆ ಅವನನ್ನೂ ವಲಸೆ ಅಧಿಕಾರಿಗಳು ಹಿಡಿದಾಗ. ತಾಯಿ ಮಗನಿಗಾಗಿ ಬಂದದ್ದು ತಡವಾಗಿತ್ತು. ಬಿಡುಗಡೆಯಾದ ಮೇಲೆ ಹುಡುಗ ಮತ್ತೆ ಮುಹಮ್ಮದನ ಹಿಂದೆಯೇ ಹೋದ.

1985ರಲ್ಲಿ ಜಮೈಕಾದ ಕಿಂಗ್ಸ್‌ಟನ್‌ನಲ್ಲಿ ಹುಟ್ಟಿದವನು. ಅಪ್ಪ ಗಾರೆ ಕೆಲಸದವನು, ಅಮ್ಮ ಹೊಲಿಗೆ ಕೆಲಸದವಳು. ಇಬ್ಬರೂ ಬೇರೆಯಾದರು. ಅಮ್ಮ ದುಡಿಮೆಗಾಗಿ ಊರೂರು ತಿರುಗಿದಳು. ಮಗ ನೆಂಟರ ಮನೆಯಿಂದ ಇನ್ನೊಬ್ಬರ ಮನೆಗೆ, ಒಂದು ಶಾಲೆಯಿಂದ ಇನ್ನೊಂದಕ್ಕೆ ಬದಲಾಗುತ್ತಾ ಬೆಳೆದ. ಆಂಟಿಗುವಾ ದ್ವೀಪದಲ್ಲಿ ಅವನನ್ನು ಒಂಟಿಯಾಗಿ ಬಿಟ್ಟು ಅಮ್ಮ ಫ್ಲಾರಿಡಾಕ್ಕೆ ಹೋದಳು, ಅದೂ ಮುಹಮ್ಮದ್ ಮಾಡಿಸಿಕೊಟ್ಟ ನಕಲಿ ಕಾಗದಪತ್ರದಲ್ಲಿ. ಹದಿನೈದರ ಹುಡುಗನಿಗೆ ಊಟ ಹಾಕಿ, ಮಗನೇ ಎಂದು ಕರೆದವನೂ ಅದೇ ಮುಹಮ್ಮದ್. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತೇವಲ್ಲ, ಆ ಮಾತಿನ ಇನ್ನೊಂದು ಮುಖ ಅವನಿಗೆ ಚೆನ್ನಾಗಿ ಗೊತ್ತಿತ್ತು. ಎಳೆಯ ಗಿಡವನ್ನು ತನಗೆ ಬೇಕಾದತ್ತ ಬಗ್ಗಿಸಿದ. ಏನು ತಿನ್ನಬೇಕು, ಯಾವ ಸಿನಿಮಾ ನೋಡಬೇಕು, ಬಂದೂಕು ಹೇಗೆ ಹಿಡಿಯಬೇಕು ಎಲ್ಲವನ್ನೂ ಅವನೇ ಹೇಳಿಕೊಟ್ಟ.

2003ರ ನವೆಂಬರ್‌ನಲ್ಲಿ ವರ್ಜೀನಿಯಾದ ಚೆಸಪೀಕ್‌ನಲ್ಲಿ ಮಾಲ್ವೊನ ವಿಚಾರಣೆ ಶುರುವಾಯಿತು. ಎಫ್‌ಬಿಐ ಉದ್ಯೋಗಿಯಾಗಿದ್ದ ಮಹಿಳೆಯ ಕೊಲೆ ಮುಖ್ಯ ಆರೋಪ. ಹುಡುಗನ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ, ತಲೆಯೊಳಗಿದ್ದದ್ದು ಮುಹಮ್ಮದನ ಬುದ್ಧಿ ಎಂದು ವಕೀಲರಾದ ಕ್ರೇಗ್ ಕೂಲಿ ಮತ್ತು ಮೈಕೆಲ್ ಆರಿಫ್ ವಾದಿಸಿದರು. ಮನೋವೈದ್ಯರು ಅದಕ್ಕೆ ಸಾಕ್ಷ್ಯ ಹೇಳಿದರು. ಕೆರಿಬಿಯನ್ ದ್ವೀಪಗಳಿಂದ ಬಂದ ಬಂಧುಗಳು, ಶಿಕ್ಷಕರು ತಾವು ಕಂಡಿದ್ದ ವಿಧೇಯ ಹುಡುಗನ ಚಿತ್ರ ಕೊಟ್ಟರು. ಸರ್ಕಾರದ ಪರ ರಾಬರ್ಟ್ ಹೋರನ್ ಬಂಧನದ ನಂತರದ ತಪ್ಪೊಪ್ಪಿಗೆಯ ಧ್ವನಿಮುದ್ರಣ ಕೇಳಿಸಿದರು. ಅದರಲ್ಲಿ ಮಾಲ್ವೊ ಕೊಲೆಗಳನ್ನು ಹೆಮ್ಮೆಯಿಂದ ಹೇಳಿಕೊಂಡಿದ್ದ. ಮುಹಮ್ಮದನನ್ನು ಉಳಿಸಲು ಎಲ್ಲವನ್ನೂ ಮೈಮೇಲೆ ಎಳೆದುಕೊಂಡೆ ಎಂದು ವೈದ್ಯರೆದುರು ಆಮೇಲೆ ಮಾತು ಬದಲಿಸಿದ.

ಕಾನೂನು ಕೇಳುವ ಪ್ರಶ್ನೆ ಬಹಳ ಇಕ್ಕಟ್ಟಿನದು. 1843ರ ಲಂಡನ್‌ನಲ್ಲಿ ಮೆಕ್‌ನಾಟನ್ ಎಂಬಾತನ ಪ್ರಕರಣದಿಂದ ಹುಟ್ಟಿದ ನಿಯಮ ಅದು: ಆ ಗಳಿಗೆಯಲ್ಲಿ ತಾನೇನು ಮಾಡುತ್ತಿದ್ದೇನೆ, ಅದು ತಪ್ಪು ಎಂಬ ಅರಿವು ಅವನಿಗಿತ್ತೇ? ನಮ್ಮ ಭಾರತೀಯ ದಂಡ ಸಂಹಿತೆಯ 84ನೇ ಕಲಮು, ಈಗಿನ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮು ಕೇಳುವುದೂ ಇದನ್ನೇ. ಕಾರಿನ ಹಿಂಬದಿಯಲ್ಲಿ ತೂತು ಕೊರೆದು, ಅಡಗಿ ಗುಂಡು ಹಾರಿಸಿ, ಒಂದು ಕೋಟಿ ಡಾಲರ್ ಕೇಳಿ ಪತ್ರ ಬರೆದ ಜೋಡಿಯಲ್ಲಿ ಒಬ್ಬನಿಗೆ ಅದು ತಪ್ಪೆಂದು ಗೊತ್ತಿರಲಿಲ್ಲ ಎಂದರೆ ನಾನಂತೂ ಒಪ್ಪಲಾರೆ. ಜ್ಯೂರಿಯೂ ಒಪ್ಪಲಿಲ್ಲ. ಡಿಸೆಂಬರ್ 18ರಂದು ತಪ್ಪಿತಸ್ಥ ಎಂದರು. ಆದರೆ ಐದು ದಿನ ಕಳೆದು, ಗಲ್ಲೋ ಜೀವಾವಧಿಯೋ ಎಂಬ ಪ್ರಶ್ನೆ ಬಂದಾಗ ಅದೇ ಜ್ಯೂರಿ ಜೀವಾವಧಿ ಆರಿಸಿತು. ಅಪರಾಧದಿಂದ ಬಿಡಿಸಲಾರದ ಬಾಲ್ಯವನ್ನು ಶಿಕ್ಷೆ ತೂಗುವಾಗ ತಕ್ಕಡಿಯಲ್ಲಿ ಇಡಲೇಬೇಕು. ಚೆಸಪೀಕ್‌ನ ಆ ತೀರ್ಮಾನ ಸರಿಯಾದದ್ದು ಎಂದೇ ನನ್ನ ನಂಬಿಕೆ.

ನಮ್ಮ ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ, ಮಧ್ಯಪ್ರದೇಶದ ಮನೋಜ್ ಪ್ರಕರಣದಲ್ಲಿ, ಮರಣದಂಡನೆಯ ವಿಚಾರ ಬಂದಾಗ ಆರೋಪಿಯ ಕುಟುಂಬ, ಬಾಲ್ಯ, ಮನಸ್ಥಿತಿಯ ವಿವರವನ್ನು ವಿಚಾರಣಾ ನ್ಯಾಯಾಲಯದ ಹಂತದಲ್ಲೇ ತರಿಸಿಕೊಳ್ಳಬೇಕೆಂದು ಹೇಳಿದೆ. ಬಡ ಆರೋಪಿಯ ಪರ ನಿಲ್ಲುವ ನಮ್ಮ ವಕೀಲರು ಅವನ ಊರಿಗೆ, ಅವನು ಕಲಿತ ಶಾಲೆಗೆ ಹೋಗಿ ವಿಚಾರಿಸಬೇಕು. ಅದಕ್ಕೆ ಬೇಕಾದ ಹಣ, ಸಮಯವನ್ನು ಕಾನೂನು ಸೇವಾ ಪ್ರಾಧಿಕಾರಗಳು ಕೊಡಬೇಕು.

2006ರಲ್ಲಿ ಮೇರಿಲ್ಯಾಂಡ್‌ನ ಕಟಕಟೆಯಲ್ಲಿ ಮಾಲ್ವೊ ಮುಹಮ್ಮದನ ಎದುರೇ ನಿಂತು ಸಾಕ್ಷ್ಯ ಹೇಳಿದ; ನನ್ನನ್ನು ರಾಕ್ಷಸನನ್ನಾಗಿ ಮಾಡಿದವನು ನೀನು ಎಂದ. ವರ್ಜೀನಿಯಾದಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಮುಹಮ್ಮದನಿಗೆ 2009ರ ನವೆಂಬರ್ 10ರಂದು ಶಿಕ್ಷೆ ಜಾರಿಯಾಯಿತು. ಬಾಲಾಪರಾಧಿಗಳು 20 ವರ್ಷ ಜೈಲಿನಲ್ಲಿ ಕಳೆದರೆ ಪೆರೋಲ್ ಕೇಳಬಹುದೆಂದು ವರ್ಜೀನಿಯಾ 2020ರಲ್ಲಿ ಕಾನೂನು ಮಾಡಿತು. 2022ರಲ್ಲಿ ಮಾಲ್ವೊನ ಅರ್ಜಿಯನ್ನು ಪೆರೋಲ್ ಮಂಡಳಿ ತಿರಸ್ಕರಿಸಿತು. ಆಗ ಅವನಿಗೆ 37 ವರ್ಷ.