ಮುಟ್ಟಿ ಅರಿಯುವ ಕಾಡು: ವೃಕ್ಷಪ್ರದರ್ಶನ ಮತ್ತು ಜನಪದ ಜ್ಞಾನ

ಮರಗಳ ಅರಿವನ್ನು ಮುಂದಿನ ತಲೆಮಾರಿಗೆ ದಾಟಿಸುವ ಆಧುನಿಕ ಸಾಧನಗಳಲ್ಲಿ ವಸ್ತುಸಂಗ್ರಹಾಲಯವೂ ಒಂದು. ಕೊಯಮತ್ತೂರಿನಲ್ಲಿ 1902ರಲ್ಲಿ ಆರಂಭವಾದ ಗ್ಯಾಸ್ ಅರಣ್ಯ ವಸ್ತುಸಂಗ್ರಹಾಲಯದಂತಹ ಹಳೆಯ ಸಂಸ್ಥೆಗಳು ಮರದ ಮಾದರಿಗಳನ್ನೂ ಅರಣ್ಯೋತ್ಪನ್ನಗಳನ್ನೂ ಸಂಗ್ರಹಿಸಿ ನೋಡುಗರ ಮುಂದಿಟ್ಟವು. ನೋಡುಗನು ಸ್ವತಃ ಮುಟ್ಟಿ, ಮಾಡಿ ಕಲಿಯಬೇಕೆಂಬ ತತ್ತ್ವಕ್ಕೆ 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಫ್ರಾಂಕ್ ಓಪನ್‌ಹೈಮರ್ ಸ್ಥಾಪಿಸಿದ ಎಕ್ಸ್‌ಪ್ಲೊರೇಟೋರಿಯಂ ವ್ಯಾಪಕ ಮನ್ನಣೆ ತಂದಿತು. ಅರಣ್ಯ ಪ್ರದರ್ಶನಗಳೂ ಈ ಮಾರ್ಗವನ್ನು ಹಿಡಿದಿವೆ. ತೊಗಟೆಯನ್ನು ಸವರುವುದು, ಕತ್ತರಿಸಿದ ಕಾಂಡದ ಉಂಗುರಗಳನ್ನೆಣಿಸಿ ಮರದ ವಯಸ್ಸನ್ನು ತಿಳಿಯುವುದು, ತರಗೆಲೆಯಡಿಯ ಹುಳುಗಳನ್ನು ಭೂತಗನ್ನಡಿಯಲ್ಲಿ ಕಾಣುವುದು ಇವು ಮಕ್ಕಳೊಡನೆ ಹಿರಿಯರೂ ಪಾಲ್ಗೊಳ್ಳುವ ಚಟುವಟಿಕೆಗಳು.

ಈ ಮಾದರಿಯನ್ನು ಯಥಾವತ್ತಾಗಿ ಇಲ್ಲಿಗೆ ತರುವುದು ಉಚಿತವಲ್ಲ. ತೇಗದಲ್ಲಿ ಉಂಗುರಗಳು ಸ್ಪಷ್ಟ. ಪಶ್ಚಿಮಘಟ್ಟದ ಅನೇಕ ನಿತ್ಯಹರಿದ್ವರ್ಣ ಮರಗಳಲ್ಲಿ ಅವು ಅಸ್ಪಷ್ಟ. ಇಂತಹ ಮರಗಳನ್ನು ಗುರುತಿಸಲು ಜನಪದರಿಗೆ ಬೇರೆಯೇ ದಾರಿಗಳಿವೆ. ಮೊಸಳೆಯ ಬೆನ್ನಿನಂತೆ ಬಿರಿದ ತೊಗಟೆ ಮತ್ತಿಯ ಗುರುತು. ಕಚ್ಚು ಬಿದ್ದೆಡೆ ಒಸರುವ ಕೆಂಪು ಅಂಟು ಹೊನ್ನೆಯ ಗುರುತು. ತೇಗದ ಎಳೆಯ ಎಲೆಯನ್ನು ಅಂಗೈಯಲ್ಲಿ ಉಜ್ಜಿ ಕೆಂಪು ಬಣ್ಣ ಕಾಣುವುದು ಮಕ್ಕಳಿಗೆ ಆಟ. ಅಂಟುವಾಳದ ನೊರೆ, ಮುತ್ತುಗದ ಊಟದೆಲೆ ಮನೆಗೆಲಸದೊಳಗಿನ ಪಾಠಗಳು. ಇಲ್ಲಿ ಕುಟುಂಬವೇ ಶಾಲೆ.

ಈ ಶಿಕ್ಷಣಕ್ಕೆ ಇನ್ನೊಂದು ಮುಖವಿದೆ; ಅದು ನಿಷೇಧ. ಕೊಡಗಿನ ದೇವರಕಾಡುಗಳಲ್ಲಿ ಅಯ್ಯಪ್ಪನಿಗೆ ಮಣ್ಣಿನ ನಾಯಿಗಳನ್ನು ಹರಕೆಯಾಗಿ ಒಪ್ಪಿಸುವ ಸಂಪ್ರದಾಯವಿದೆ. ಹಿರಿಯರೊಡನೆ ಅಲ್ಲಿಗೆ ಹೋಗುವ ಮಗು ಯಾವ ಮರವನ್ನು ಕಡಿಯಬಾರದೆಂಬುದನ್ನೂ ಕಲಿಯುತ್ತದೆ. ಬಿದ್ದ ಮರವನ್ನು ಒಯ್ಯದೆ ಬಿಟ್ಟಲ್ಲಿ ಅದು ಅಣಬೆಗೆ, ಗೆದ್ದಲಿಗೆ, ಹೊಸ ಸಸಿಗೆ ಆಹಾರವಾಗುತ್ತದೆ. ಪರಿಸರ ವಿಜ್ಞಾನ ವಿವರಿಸುವ ಈ ಚಕ್ರವನ್ನು ಕಟ್ಟುಪಾಡು ಆಚರಣೆಯ ರೂಪದಲ್ಲಿ ಕಾಯುತ್ತದೆ.

ಆದರೆ ಕಟ್ಟುಪಾಡೊಂದೇ ಸಾಲದೆಂಬುದಕ್ಕೂ ಕೊಡಗೇ ನಿದರ್ಶನ. 1905ರಲ್ಲಿ 6,000 ಹೆಕ್ಟೇರಿಗೂ ಮಿಕ್ಕಿದ್ದ ದೇವರಕಾಡುಗಳ ವಿಸ್ತೀರ್ಣ, ಕಾಫಿ ತೋಟಗಳ ಒತ್ತುವರಿಯೇ ಮೊದಲಾದ ಕಾರಣಗಳಿಂದ 1985ರ ವೇಳೆಗೆ ಅರ್ಧಕ್ಕಿಂತಲೂ ಕಡಿಮೆಯಾಯಿತು. ಕಾಡು ಕುಗ್ಗಿದಂತೆ ಮರದ ಹೆಸರು, ಗುರುತು, ಬಳಕೆಗಳನ್ನು ಬಲ್ಲವರೂ ವಿರಳರಾಗುತ್ತಾರೆ.

ಆದ್ದರಿಂದ ಅರಣ್ಯ ಪ್ರದರ್ಶನಗಳ ರಚನೆಯ ಹಂತದಲ್ಲಿಯೇ ಸ್ಥಳೀಯ ವಕ್ತೃಗಳನ್ನು ಒಳಗೊಳ್ಳುವುದು ಅವಶ್ಯ. ಶಾಸ್ತ್ರೀಯ ನಾಮದ ಜೊತೆಗೆ ಊರಿನ ಹೆಸರು, ಉಪಯೋಗದ ಜೊತೆಗೆ ನಿಷೇಧವೂ ದಾಖಲಾಗಬೇಕು. ಹಾಗಾಗದಿದ್ದರೆ ಪ್ರದರ್ಶನವು ಮರದ ಪರಿಚಯವನ್ನಷ್ಟೇ ಮಾಡಿಸೀತು. ಕಾಡಿನೊಡನೆ ಮನುಷ್ಯನಿಗಿರುವ ಹೊಣೆಯನ್ನು ತಿಳಿಸಲಾರದು.